ಆರಿಸುವುದು

ಅವ್ವ ಮೊರ ಹಿಡಿದು ಪಡಸಾಲೆಯಲ್ಲಿ ಕೂತರೆ
ನನ್ನ ಕಾಗದಗಳೂ ಅಲ್ಲೇ, ಅವಳ ಮೊಣಕಾಲಿನ ಪಕ್ಕ.
ದಾಲ್ ಮಿಲ್ಲಿನಿಂದ ತಂದ ಐದು ಕಿಲೊ ತೊಗರಿಬೇಳೆ,
ನೆಟ್ ಸೆಂಟರಿನಿಂದ ತಂದ ಮೂರು ಅರ್ಜಿ.
ಇಬ್ಬರೂ ಆರಿಸುತ್ತಿದ್ದೇವೆ.

ಮೊದಲನೆಯದು ಕಲಬುರಗಿಯ ಮಹಿಳಾ ಕಾಲೇಜು.
ಕೆಮಿಸ್ಟ್ರಿಗೆ ಅಲ್ಲಿ ಕಾಯಂ ಸರ್ ಇದ್ದಾರಂತೆ,
ಹಾಸ್ಟೆಲ್ ಪಟ್ಟಿ ಮಾತ್ರ ದಸರಾ ಕಳೆದ ಮೇಲಂತೆ.
ಅಲ್ಲಿಯ ತನಕ ಎಲ್ಲಿರೋದು ಎಂದರೆ
ಕೌಂಟರಿನ ಕಿಟಕಿ ನನ್ನನ್ನೇ ಕೇಳಿತು:
"ನೆಂಟರು ಯಾರರ ಅದಾರೇನು?"
ಇದ್ದಾರೆ. ರಿಂಗ್ ರೋಡಿನ ಆಚೆ, ಒಂದೇ ಕೋಣೆ,
ದೊಡ್ಡಮ್ಮ, ದೊಡ್ಡಪ್ಪ, ಮೂರು ಮಕ್ಕಳು,
ಒಂದು ಹೊಲಿಗೆ ಮಷೀನು.

ಎರಡನೆಯದು ಪಾಲಿಟೆಕ್ನಿಕ್.
"ಸಿವಿಲ್ ತಗೊ, ಜಲ್ದಿ ಕೆಲಸ ಆಗ್ತದ" ಅಂದವನು ಭೀಮಶಾ ಕಾಕಾ,
ಫರಸಿ ಖಣಿಯಲ್ಲಿ ಮೂವತ್ತು ವರ್ಷ ಕಲ್ಲು ಎಬ್ಬಿಸಿದವನು.
ಸಿವಿಲ್ ಅಂದರೆ ಏನೆಂದು ಅವನಿಗೂ ಗೊತ್ತಿಲ್ಲ.
ಟೇಪು ಹಿಡಿದವರು ಯಾವಾಗಲೂ ನೆರಳಲ್ಲಿ ನಿಲ್ಲುತ್ತಾರೆ,
ಅಷ್ಟು ಗೊತ್ತು.

ಚಿತ್ತಾಪುರದ ಸರ್ಕಾರಿ ಡಿಗ್ರಿ ಕಾಲೇಜು ಉಳಿದದ್ದು.
ನಮ್ಮೂರಿಗೆ ಹದಿನೆಂಟು ಕಿಲೊಮೀಟರ್, ಏಳೂ ನಲವತ್ತರ ಬಸ್ಸು,
ಅದು ತಪ್ಪಿದರೆ ಒಂಬತ್ತೂವರೆಯದು,
ಅದು ಬಂದರೆ.
"ಅಲ್ಲಿ ಓದಿದೋರೆಲ್ಲ ಅಲ್ಲೇ ಅದಾರ" ಅನ್ನುತ್ತಾನೆ ಅಣ್ಣ,
ಬೈಗುಳವೋ ವರದಿಯೋ ತಿಳಿಯದ ದನಿಯಲ್ಲಿ.

ತಬಸ್ಸುಮ್ ಮತ್ತು ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ
ಮೂರಕ್ಕೂ ಅಂಕ ಕೊಟ್ಟಿದ್ದೆವು.
ಲ್ಯಾಬಿಗೆ ಹತ್ತಕ್ಕೆ ಇಷ್ಟು, ಬಸ್ಸಿಗೆ ಇಷ್ಟು,
ಒಳಗಿಂದ ಚಿಲಕ ಬೀಳುವ ಪಾಯಖಾನೆಗೆ
ಹತ್ತಕ್ಕೆ ಇಪ್ಪತ್ತು.
ಕೂಡಿಸಿದರೆ ಮೂರೂ ಹೆಚ್ಚುಕಮ್ಮಿ ಬರಾಬರ್.
ಲೆಕ್ಕದಲ್ಲಿ ನಾವಿಬ್ಬರೂ ಫೇಲಾದದ್ದು ಅದೊಂದೇ ಸಲ.

ಅವ್ವ ಮೊರ ಅಲುಗಿಸಿದಳು, ತಲೆ ಎತ್ತಲಿಲ್ಲ.
"ಚಲೊ ಬ್ಯಾಳಿ ಹುಡುಕ್ಕೋತ ಕೂತರ ಸಂಜಿ ಆಗ್ತದ.
ಹರಳು ತೆಗಿ. ಹುಳ ತಿಂದದ್ದು ತೆಗಿ.
ಉಳಿದದ್ದು ಒಲಿ ಮ್ಯಾಲ ಇಡು."

ತೆಗೆದೆ.
ದಸರಾ ತನಕ ದೊಡ್ಡಮ್ಮನ ಆ ಕೋಣೆ, ತೆಗೆದೆ;
ಅದರ ಜೊತೆಗೇ ಕೆಮಿಸ್ಟ್ರಿ ಸರ್ ಕೂಡ ಹೋದರು,
ಅವರ ಮುಖವನ್ನೂ ನಾನು ನೋಡಿರಲಿಲ್ಲ.
ಕಾಕಾನ ನೆರಳನ್ನು ಎರಡು ಸಲ ಕೈಗೆತ್ತಿಕೊಂಡು
ಬೆಳಕಿಗೆ ಹಿಡಿದು ನೋಡಿ
ತೆಗೆದೆ.

ಆದರೆ ಇದೆಲ್ಲ ಅವ್ವನಿಗೆ ಹೇಳಲಿಕ್ಕೆ.
ಖರೆ ಹೇಳಬೇಕೆಂದರೆ, ಚಿತ್ತಾಪುರಕ್ಕೆ ಫೀಸು ಕೇಳಲು ಹೋದ ದಿನ
ಲೈಬ್ರರಿಗೆ ಬೀಗ ಬಿದ್ದಿತ್ತು.
ಜವಾನ ಜಟ್ಟೆಪ್ಪ ಚಹಾ ಅರ್ಧಕ್ಕೇ ಬಿಟ್ಟು ಕೀಲಿ ಹುಡುಕಿದ:
ಟೇಬಲ್ಲು, ಕಿಸೆ, ಕಿಟಕಿಯ ಮೇಲೆ.
ಕೊನೆಗೆ ತನ್ನ ಉಡದಾರಕ್ಕೇ ಕಟ್ಟಿದ್ದು ಸಿಕ್ಕಿತು.
"ಯಾರೂ ಕೇಳಂಗಿಲ್ಲವಾ, ಅದಕ್ಕ ಮರ್ತಿದ್ದೆ" ಅಂದ,
ತಪ್ಪು ಮಾಡಿದವನ ಹಾಗೆ.
ನಾಲ್ಕರ ಬಸ್ಸಿನ ತನಕ ಒಬ್ಬಳೇ ಕೂತಿದ್ದೆ.
ಯಾವ ಪುಸ್ತಕ ಎಂದು ಈಗ ನೆನಪಿಲ್ಲ.
ಎದ್ದಾಗ ಮೇಜಿನ ಧೂಳಿನಲ್ಲಿ
ನನ್ನ ಎರಡು ಮೊಣಕೈ.

ಕಾರಣ ಬರೆಯಲು ಅರ್ಜಿಯಲ್ಲಿ ಅರ್ಧ ಸಾಲು ಜಾಗ.
ಮನೆಗೆ ಹತ್ತಿರ, ಎಂದು ಬರೆದೆ.
ಅಣ್ಣ ಓದಿ ತಲೆಯಾಡಿಸಿದ.
ಕೆಮಿಸ್ಟ್ರಿಗೆ ಅಲ್ಲಿ ಇನ್ನೂ ಯಾರೂ ಬಂದಿಲ್ಲ ಎನ್ನುವುದು
ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ.

ರಾತ್ರಿ ಊಟಕ್ಕೆ ಕೂತಾಗ
ಬೇಳೆಯಲ್ಲಿ ಒಂದು ಹರಳು ಹಲ್ಲಿಗೆ ಸಿಕ್ಕಿತು.
ಅವ್ವ ಸಪ್ಪಳ ಕೇಳಿ ನನ್ನ ಕಡೆ ನೋಡಿದಳು.
ಗಂಗಾಳದ ಅಂಚಿಗೆ ಅದನ್ನು ಇಟ್ಟು
ಇನ್ನೊಂದು ರೊಟ್ಟಿ ಕೇಳಿದೆ.